ಹಾಸ್ಯ ಧಾರಾವಾಹಿಗಳ ಖಾಲಿ ಲೋಟಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ಒಂದು ರಾತ್ರಿ, ಊಟಕ್ಕೆ ಮುಂಚೆ, ಕನ್ನಡ ವಾಹಿನಿಯೊಂದರ ಹಾಸ್ಯ ಧಾರಾವಾಹಿಯನ್ನು ನೋಡುತ್ತಿದ್ದಾಗ ಆರನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು, "ಅಜ್ಜಿ, ಬೆಂಗಳೂರಿನವರು ಮನೆಯ ಒಳಗೂ ಚಪ್ಪಲಿ ಹಾಕಿಕೊಂಡೇ ಇರುವುದಾ?" ಎಂದು ಕೇಳಿದಳು. ಪರದೆಯ ಮೇಲೆ ಮನೆಯ ಯಜಮಾನರು ಬೂಟುಗಾಲಿನಲ್ಲಿಯೇ ಒಳಗೆ ಬಂದು, ದೇವರ ಕೋಣೆಯ ಹೊಸ್ತಿಲ ಬಳಿ ನಿಂತು ಕೈಮುಗಿದು, ಅದೇ ಬೂಟಿನಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕುಳಿತಿದ್ದರು. ಹಾಗೇನಿಲ್ಲ, ಅಲ್ಲಿನವರೂ ನಮ್ಮಂತೆ ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ ಎಂದು ನಾನು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಅವಳ ಕಣ್ಣೆದುರಿನ ಸಾಕ್ಷಿ ಬೇರೆಯೇ ಇತ್ತು.

ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಹಳ್ಳಿಯವಳು. ಅಂಚೆ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತಳಾಗಿದ್ದೇನೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರಿಗೆ ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಯಿತು. ನನ್ನ ಮೊಮ್ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾಳೆ, ಶಾಲೆಯ ಬಸ್ಸಿನಲ್ಲಿ ಮಲಯಾಳ ಮಾತನಾಡುತ್ತಾಳೆ, ಅಂಗಡಿಯಲ್ಲಿ ತುಳು ಮಾತನಾಡುತ್ತಾಳೆ. ಕನ್ನಡವೆಂದರೆ ಅವಳಿಗೆ ನಾವು, ಶಾಲೆಯ ದಿನಕ್ಕೊಂದು ಪೀರಿಯಡ್ಡು, ಮತ್ತು ಸಂಜೆಯ ಟಿವಿ. ಬೆಂಗಳೂರಿನ ಮಗುವಿಗೆ ಧಾರಾವಾಹಿಯ ಮನೆ ಸುಳ್ಳೆಂದು ತಿಳಿಯಲು ಪಕ್ಕದ ಮನೆಗೆ ಹೋದರೆ ಸಾಕು. ಗಡಿಯಾಚೆಯ ನಮ್ಮ ಮಕ್ಕಳಿಗೆ ಬೇರೆ ಊರಿನ ಕನ್ನಡದ ಮನೆ ಕಾಣಲು ಇರುವ ಕಿಟಕಿ ಅದೊಂದೇ. ಆದುದರಿಂದಲೇ ಅಲ್ಲಿನ ಸಣ್ಣ ಸಣ್ಣ ಸುಳ್ಳುಗಳು ನನ್ನನ್ನು ನೋಯಿಸುತ್ತವೆ.

ಎಲ್ಲಕ್ಕಿಂತ ಮೊದಲು ಕಾಫಿಯ ಲೋಟದ ವಿಚಾರವನ್ನು ಹೇಳಬೇಕು. ಹಾಸ್ಯ ಧಾರಾವಾಹಿಯ ಯಾವ ಕಂತೂ ಕಾಫಿಯಿಲ್ಲದೆ ಮುಗಿಯುವುದಿಲ್ಲ, ಆದರೆ ಆ ಲೋಟಗಳಲ್ಲಿ ಕಾಫಿ ಇರುವುದಿಲ್ಲ. ತುಂಬಿದ ಲೋಟವನ್ನು ಹಿಡಿದವಳ ಮಣಿಕಟ್ಟು ಒಂದು ರೀತಿ ಇರುತ್ತದೆ, ಖಾಲಿ ಲೋಟ ಹಿಡಿದವಳದು ಇನ್ನೊಂದು ರೀತಿ. ಇದನ್ನು ತಿಳಿಯಲು ನಟನೆಯ ವಿದ್ಯೆ ಬೇಕಾಗಿಲ್ಲ, ನಾಲ್ಕು ಮಂದಿ ನೆಂಟರಿಗೆ ತಟ್ಟೆಯಲ್ಲಿ ಕಾಫಿ ಒಯ್ದು ಕೊಟ್ಟಿದ್ದರೆ ಸಾಕು. ಧಾರಾವಾಹಿಯ ಸೊಸೆ ತಟ್ಟೆಯನ್ನು ಬೀಸಿಕೊಂಡು ಬರುತ್ತಾಳೆ, ಮಾವ ಸ್ಟೀಲಿನ ಲೋಟವನ್ನು ಬರಿಗೈಯಲ್ಲಿ ಬುಡದಿಂದ ಹಿಡಿದು, ಊದದೆ, ಒಂದೇ ಗುಟುಕಿಗೆ ತಲೆಯೆತ್ತಿ ಕುಡಿದು, "ಕಾಫಿ ತುಂಬಾ ಬಿಸಿ" ಎನ್ನುತ್ತಾರೆ. ಬಿಸಿ ಲೋಟವನ್ನು ಸೆರಗಿನ ತುದಿಯಿಂದ ಹಿಡಿಯುವುದು, ಅಂಚಿನಲ್ಲಿ ಹಿಡಿದು ಕೈ ಬದಲಾಯಿಸುವುದು, ಮಾತಿನ ನಡುವೆ ಆರಿಹೋದ ಕಾಫಿಯನ್ನು ನೋಡಿ ಮುಖ ಸಣ್ಣ ಮಾಡುವುದು, ಇವೆಲ್ಲ ನಿಜವಾಗಿ ನಗು ತರುವ ಸಂಗತಿಗಳು. ಲೋಟ ಖಾಲಿ ಇರುವುದರಿಂದ ಅವೆಲ್ಲವೂ ನಷ್ಟವಾಗುತ್ತವೆ. ನಮ್ಮ ಕಡೆಯ ಮನೆಯೆಂದು ತೋರಿಸುವ ಧಾರಾವಾಹಿಯಲ್ಲಿಯೂ ಬಿಸಿಲಿನಲ್ಲಿ ಬಂದವರಿಗೆ ನೇರವಾಗಿ ಕಾಫಿಯೇ ಸಿಗುತ್ತದೆ, ಬಂದವರು ಕಾಲು ತೊಳೆದು ಜಗಲಿಯಲ್ಲಿ ಕುಳಿತೊಡನೆ "ಆಸರಿಂಗೆ ಬೇಕಾ?" (ಬಾಯಾರಿಕೆಗೆ ಏನಾದರೂ ಬೇಕೇ) ಎಂದು ಕೇಳಿ ಮೊದಲು ಬೆಲ್ಲ ನೀರು ಕೊಡುವ ಪದ್ಧತಿಯನ್ನು ನಾನು ಇದುವರೆಗೆ ಒಂದು ಕಂತಿನಲ್ಲಿಯೂ ಕಂಡಿಲ್ಲ.

ಅಡುಗೆಮನೆಯ ಸ್ಥಿತಿ ಇನ್ನೂ ಕೆಟ್ಟದು. ಒಲೆಯ ಮೇಲೆ ಹೊಳೆಯುವ ಪಾತ್ರೆ ಇರುತ್ತದೆ, ಅದರ ಕೆಳಗೆ ಬೆಂಕಿ ಇರುವುದಿಲ್ಲ. ಗೃಹಿಣಿ ಇಡೀ ದೃಶ್ಯದುದ್ದಕ್ಕೂ ಒಂದೇ ಕ್ಯಾರೆಟ್ಟನ್ನು ಹೆಚ್ಚುತ್ತಿರುತ್ತಾಳೆ. ತೆಂಗಿನಕಾಯಿ ತುರಿಯುವವರನ್ನು ಕಾಣೆ, ಮಿಕ್ಸಿಯ ಸದ್ದಿಗೆ ಮಾತು ಕೇಳದೆ "ಏನು?" ಎಂದು ಕೂಗುವವರನ್ನು ಕಾಣೆ, ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪಿ ಗಂಡನನ್ನು ಕೇಳುವವರನ್ನೂ ಕಾಣೆ. ಹೇಳದೆ ಬಂದ ಎಂಟು ಮಂದಿ ನೆಂಟರಿಗೆ ಮರುದೃಶ್ಯದಲ್ಲಿ ಎಲೆ ಹಾಕಿ ಬಡಿಸಲಾಗುತ್ತದೆ. ನಮ್ಮ ಮನೆಗಳಲ್ಲಿ ಉಣ್ಣುವುದು ಕುಚ್ಚಲಕ್ಕಿ. ಅದು ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು, ಅದರ ಮೇಲೆ ಗಂಜಿ ಬಸಿಯಬೇಕು. ಆ ಮುಕ್ಕಾಲು ಗಂಟೆಯಲ್ಲಿ ನೆಂಟರನ್ನು ಮಾತಿನಲ್ಲಿ ಹಿಡಿದು ಕೂರಿಸಲು ಮನೆಯ ಗಂಡಸರು ಪಡುವ ಪಾಡು, ಅಡುಗೆಮನೆಯಿಂದ ಬರುವ ಕಣ್ಸನ್ನೆಗಳು, ಪಕ್ಕದ ಮನೆಗೆ ಹಿತ್ತಲಿನಿಂದ ಓಡುವ ಮಗು: ಇದಕ್ಕಿಂತ ದೊಡ್ಡ ಹಾಸ್ಯದ ಸಾಮಗ್ರಿ ಬರಹಗಾರರಿಗೆ ಎಲ್ಲಿ ಸಿಕ್ಕೀತು? ಸಮಯವನ್ನು ನುಂಗಿಬಿಟ್ಟರೆ ಸಂದರ್ಭವೇ ಇಲ್ಲದಾಗುತ್ತದೆ, ಆಗ ನಗಿಸಲು ಯಾರಾದರೂ ಜಾರಿ ಬೀಳಲೇಬೇಕಾಗುತ್ತದೆ.

ಮಲಗಿ ಎದ್ದ ಹೆಂಗಸಿನ ಜಡೆಯ ಮಲ್ಲಿಗೆ ಬಾಡದಿರುವ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಅದನ್ನು ಬಿಡುತ್ತೇನೆ. ನನ್ನ ವೃತ್ತಿಗೆ ಸಂಬಂಧಿಸಿದ್ದನ್ನು ಮಾತ್ರ ಬಿಡಲಾರೆ.

ಧಾರಾವಾಹಿಗಳಲ್ಲಿ ಕಾಗದ ಬರುವ ರೀತಿಯನ್ನು ನೋಡಿದಾಗಲೆಲ್ಲ ನನಗೆ ಕುಳಿತಲ್ಲಿಂದ ಎದ್ದು ನಿಲ್ಲುವಂತಾಗುತ್ತದೆ. ಬಿಳಿಯ ಲಕೋಟೆಯ ಮೇಲೆ ಅಂಚೆಚೀಟಿ ಇರುವುದಿಲ್ಲ, ಮೊಹರು ಇರುವುದಿಲ್ಲ. ವಿಳಾಸವೆಂದರೆ ಒಂದು ಹೆಸರು, ಒಂದು ಊರು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅರ್ಧ ಶತಮಾನ ಕಳೆದರೂ ನಮ್ಮ ಧಾರಾವಾಹಿಗಳಿಗೆ ಆ ಆರು ಅಂಕಿಗಳು ತಲುಪಿಲ್ಲ. ಗಡಿಯವರಾದ ನಮಗೆ ಆ ಅಂಕಿಗಳ ಅರ್ಥ ಬೇರೆಯೇ ಇದೆ: ಕರ್ನಾಟಕದ ವಿಳಾಸ 5ರಿಂದ ಆರಂಭವಾಗುತ್ತದೆ, ನಮ್ಮದು ಕೇರಳದ 6ರಿಂದ. ರಿಜಿಸ್ಟರ್ಡ್ ಪತ್ರವನ್ನು ಧಾರಾವಾಹಿಯ ಅಂಚೆಯಣ್ಣ ಬಾಗಿಲಲ್ಲಿ ನಿಂತ ಯಾರ ಕೈಗೋ ಕೊಟ್ಟು ಹೊರಟುಹೋಗುತ್ತಾನೆ, ಸಹಿ ಪಡೆಯುವುದಿಲ್ಲ. ಮನಿಯಾರ್ಡರಿನ ಹಣವನ್ನು ಎಣಿಸುವುದೂ ಇಲ್ಲ. ಓದು ಬಾರದ ಅಜ್ಜಿಗೆ ಹಣ ಕೊಡುವಾಗ ಹೆಬ್ಬೆಟ್ಟು ಒತ್ತಿಸಿ ಸಾಕ್ಷಿಯ ಸಹಿ ಪಡೆಯಬೇಕು. ಆ ಸಾಕ್ಷಿಗಾಗಿ ಬೇಲಿಯಾಚೆಯ ಮನೆಯವರನ್ನು ಕರೆಯುವುದು, ಜಗಳವಾಡಿ ಮಾತು ಬಿಟ್ಟ ನೆರೆಯವರೂ ಆ ಒಂದು ಸಹಿಗಾಗಿ ಅಂಗಳಕ್ಕೆ ಬರುವುದು, ಇದನ್ನು ನಮ್ಮ ಬಟವಾಡೆಯವರು ವರ್ಷಗಟ್ಟಲೆ ಕಂಡಿದ್ದಾರೆ. ಇತ್ತೀಚಿನ ಒಂದು ಧಾರಾವಾಹಿಯಲ್ಲಿ, ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದ ಕುಟುಂಬಕ್ಕೆ ತಂತಿ ಬಂದದ್ದನ್ನು ಕಂಡೆ. ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿಯೇ ನಿಂತುಹೋಗಿದೆ.

ನಮ್ಮ ಕರಾವಳಿಯ ಬದುಕು ತೆರೆಗೆ ಬಂದಾಗ ಈ ಅಜಾಗ್ರತೆ ಇಮ್ಮಡಿಯಾಗುತ್ತದೆ. ಅಡಕೆ ಕೃಷಿಕರ ಮನೆಯೆಂದು ತೋರಿಸಿದ ಒಂದು ಕಂತಿನಲ್ಲಿ ನಾಗರ ಪಂಚಮಿಯ ದಿನ ಅಂಗಳದ ತುಂಬ ಅಡಕೆ ಒಣಹಾಕಿದ್ದರು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ, ಶ್ರಾವಣದ ಆರಂಭದಲ್ಲಿ, ಅಂಗಳದಲ್ಲಿ ಅಡಕೆ! ಆ ದಿನಗಳಲ್ಲಿ ಅಡಕೆ ಮರದ ಮೇಲಿರುತ್ತದೆ. ಕೊಳೆರೋಗ ಬಾರದಂತೆ ಗೊನೆಗಳಿಗೆ ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಹೊಡೆಸಬೇಕಾಗಿರುತ್ತದೆ, ಮರ ಹತ್ತುವವರು ಸಿಕ್ಕ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಮರ ಹತ್ತುವವರು ಸಿಗುವುದಿಲ್ಲ. ಮನೆಯ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಆಕಾಶವನ್ನೂ ಫೋನನ್ನೂ ನೋಡುತ್ತಿರುತ್ತಾರೆ, ಒದ್ದೆ ಬಟ್ಟೆಗಳು ಮನೆಯ ಒಳಗೆ ಹಗ್ಗದ ಮೇಲೆ ತಲೆಗೆ ತಾಗುವಂತೆ ತೂಗುತ್ತಿರುತ್ತವೆ, ಕರೆಂಟು ಹೋದದ್ದು ಬಂದಿರುವುದಿಲ್ಲ. ಇದು ನಮ್ಮ ಜುಲೈ, ಆಗಸ್ಟ್. ಅದೇ ಧಾರಾವಾಹಿಯಲ್ಲಿ ಮುಂದೆ ಅಡಕೆಯನ್ನು ಬೇಯಿಸುವ ದೃಶ್ಯವೂ ಬಂತು. ಬೇಯಿಸಿ ಕೆಂಪಡಕೆ ಮಾಡುವುದು ಮಲೆನಾಡಿನ ಕ್ರಮ. ನಾವು ಹಣ್ಣಡಕೆಯನ್ನು ಸಿಪ್ಪೆಸಹಿತ ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿಸಿ ಚಾಲಿ ಮಾಡುವವರು.

ಇವಕ್ಕಿಂತಲೂ ಮನಸ್ಸಿಗೆ ತಾಗುವುದು ಮಾತು. ಕರಾವಳಿಯ ಪಾತ್ರವೆಂದರೆ ಪ್ರತಿ ವಾಕ್ಯದ ತುದಿಗೆ "ಮಾರಾಯ್ರೆ" ಎಂದು ಹೇಳುವ ಅಡುಗೆ ಭಟ್ಟರು ಅಥವಾ ಹೋಟೆಲಿನವರು. ಕೇರಳದಿಂದ ಬಂದ ಪಾತ್ರವೆಂದರೆ ಮುಂಡು ಉಟ್ಟ ಚಹಾದಂಗಡಿಯವನು. ಕೇರಳದಲ್ಲಿ ಹುಟ್ಟಿ ಬೆಳೆದು ಕನ್ನಡವನ್ನೇ ಮನೆಮಾತಾಗಿ ಆಡುವ ಮನುಷ್ಯನೊಬ್ಬ ಇರಬಹುದೆಂಬ ಕಲ್ಪನೆಯೇ ಈ ಧಾರಾವಾಹಿಗಳಿಗೆ ಇದ್ದಂತಿಲ್ಲ. ಒಂದು ಬೆಳಗಿನಲ್ಲಿ ಹೆಂಡತಿಯೊಡನೆ ಹವ್ಯಕದಲ್ಲಿ, ತೋಟದ ಆಳಿನೊಡನೆ ತುಳುವಿನಲ್ಲಿ, ಪಂಚಾಯತು ಕಚೇರಿಯಲ್ಲಿ ಮಲಯಾಳದಲ್ಲಿ, ಮೀನಿನ ಗಾಡಿಯವರೊಡನೆ ಬ್ಯಾರಿಯಲ್ಲಿ, ಮಗಳ ಅಧ್ಯಾಪಕರೊಡನೆ ಗ್ರಂಥಕನ್ನಡದಲ್ಲಿ ಮಾತನಾಡಿ ಮನೆಗೆ ಬರುವವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವಾಗ ಆಗುವ ಎಡವಟ್ಟುಗಳಿಗೆ ನಾವೇ ದಿನಾಲೂ ನಗುತ್ತೇವೆ. ಆ ನಗುವಿನಲ್ಲಿ ಯಾರಿಗೂ ಅವಮಾನವಿಲ್ಲ. ತೆರೆಯ ಮೇಲಿನ "ಮಾರಾಯ್ರೆ"ಯಲ್ಲಿ ಅವಮಾನವಿದೆ, ಏಕೆಂದರೆ ಅದನ್ನು ಬರೆದವರು ನಮ್ಮ ಮಾತನ್ನು ಕೇಳಿ ಬರೆದದ್ದಲ್ಲ.

ದಿನವಹಿ ಧಾರಾವಾಹಿ ಮಾಡುವವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವ ಇಪ್ಪತ್ತು ಇಪ್ಪತ್ತೆರಡು ನಿಮಿಷಗಳನ್ನು ವಾರಕ್ಕೆ ಐದಾರು ಸಲ ತುಂಬಿಸುವುದು ಸುಲಭವಲ್ಲ. ಊಟದ ಮೇಜಿನ ಒಂದೇ ಪಕ್ಕದಲ್ಲಿ ಎಲ್ಲರೂ ಸಾಲಾಗಿ ಕುಳಿತುಕೊಳ್ಳುವುದಕ್ಕೂ ಒಂದು ಚರಿತ್ರೆಯಿದೆ: 1951ರಲ್ಲಿ ಆರಂಭವಾದ ಅಮೆರಿಕದ ಹಾಸ್ಯ ಧಾರಾವಾಹಿ 'ಐ ಲವ್ ಲೂಸಿ'ಯನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ, ಅವರೆದುರಿಗೆ ಮೂರು ಕ್ಯಾಮೆರಾಗಳಿಂದ ಚಿತ್ರೀಕರಿಸಿದರು; ಪ್ರೇಕ್ಷಕರಿದ್ದ ಕಡೆಗೆ ಗೋಡೆ ಇರುವಂತಿರಲಿಲ್ಲ, ನಟರು ಅವರಿಗೆ ಬೆನ್ನು ಹಾಕುವಂತಿರಲಿಲ್ಲ. ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ ಧ್ವನಿಮುದ್ರಿತ ನಗುವನ್ನು ಕೇಳಿಸುವ ಯಂತ್ರವನ್ನು ತಯಾರಿಸಿದರು. ಆದರೆ ನಮ್ಮ ಧಾರಾವಾಹಿಗಳು ನಾಲ್ಕು ಗೋಡೆಗಳಿರುವ ಬಾಡಿಗೆ ಬಂಗಲೆಗಳಲ್ಲಿ, ಪ್ರೇಕ್ಷಕರೇ ಇಲ್ಲದೆ ತಯಾರಾಗುತ್ತವೆ. ಅಲ್ಲಿನ ಅಗತ್ಯ ಇಲ್ಲಿಗೆ ಬರಲಿಲ್ಲ, ಅಭ್ಯಾಸ ಮಾತ್ರ ಬಂತು. ಇರಲಿ; ಲೋಟಕ್ಕೆ ಕಾಫಿ ಹೊಯ್ಯಲು, ಬಾಗಿಲ ಬಳಿ ನಾಲ್ಕು ಜೊತೆ ಚಪ್ಪಲಿ ಇಡಲು, ಲಕೋಟೆಗೆ ಅಂಚೆಚೀಟಿ ಹಚ್ಚಲು ಯಾವ ನಿರ್ಮಾಪಕರ ಬಂಡವಾಳವೂ ಕರಗುವುದಿಲ್ಲ.

ಹಾಸ್ಯವೆಂದರೆ ಅತಿಶಯೋಕ್ತಿ, ಅದರಲ್ಲಿ ನಿಜವನ್ನು ಹುಡುಕಬಾರದು ಎನ್ನುವವರಿಗೆ ಒಂದು ಮಾತು ಹೇಳಬೇಕಾಗಿದೆ. ನಾವು ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಯಕ್ಷಗಾನ ನೋಡಿ ಬೆಳೆದವರು. ರಂಗಸ್ಥಳದಲ್ಲಿ ಒಂದು ಪೀಠದ ಹೊರತು ಏನೂ ಇಲ್ಲದಿದ್ದರೂ ಅದು ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ. ಹಾಸ್ಯಗಾರ ಬರಿಗೈಯನ್ನು ಬಾಯಿಗೆ ಹಿಡಿದರೆ ಅಲ್ಲಿ ಪಾತ್ರೆ ಕಾಣುತ್ತದೆ, ಪಾತ್ರೆಯೊಳಗಿನ ಬಿಸಿಯೂ ಕಾಣುತ್ತದೆ. ಬಿಸಿ ತಾಗಿದ ತುಟಿಯನ್ನು ಆತ ಎಳೆದುಕೊಳ್ಳುವ ರೀತಿ ಅಷ್ಟು ನಿಜವಾಗಿರುತ್ತದೆ. ಧಾರಾವಾಹಿ ಇದಕ್ಕೆ ವಿರುದ್ಧವಾದುದನ್ನು ಮಾಡುತ್ತಿದೆ, ಲೋಟವನ್ನು ನಿಜವಾಗಿ ತಂದು ಕುಡಿಯುವುದನ್ನು ಸುಳ್ಳು ಮಾಡುತ್ತಿದೆ. ಪಾತ್ರಗಳು ಎಷ್ಟು ವಿಚಿತ್ರವಾಗಿದ್ದರೂ ನನ್ನ ಆಕ್ಷೇಪವಿಲ್ಲ. 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ಈಟಿವಿಯಲ್ಲಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ನಕ್ಕವರೇ.

ನಿತ್ಯದ ವಿವರಗಳನ್ನು ಸರಿಯಾಗಿ ಹಿಡಿದ ಕೆಲಸ ನಮ್ಮಲ್ಲಿ ಆಗಿಲ್ಲವೆಂದಲ್ಲ. ದೂರದರ್ಶನದಲ್ಲಿ 1980ರ ದಶಕದಲ್ಲಿ ಬಂದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ಶಂಕರನಾಗ್ ಅವರು ಅದನ್ನು ಆಗುಂಬೆಯ ನಿಜವಾದ ಮನೆ ಮತ್ತು ಜಗಲಿಗಳಲ್ಲಿ ಚಿತ್ರೀಕರಿಸಿದ್ದರು. ಅದರಲ್ಲಿ ತಾನಪ್ಪನೆಂಬ ಅಂಚೆಯವನ ಕಥೆ ಬರುತ್ತದೆ: ಮದುವೆ ನಿಂತುಹೋಗಬಾರದೆಂದು, ಸಾವಿನ ಸುದ್ದಿಯನ್ನು ಆತ ಬಟವಾಡೆ ಮಾಡದೆ ಇಟ್ಟುಕೊಳ್ಳುತ್ತಾನೆ. ಇಲಾಖೆಯ ನಿಯಮದ ಪ್ರಕಾರ ಅದು ದೊಡ್ಡ ತಪ್ಪು. ಆದರೂ ಪ್ರತಿ ಮನೆಯ ಸುಖದುಃಖ ಬಲ್ಲ ಅಂತಹ ಅಂಚೆಯವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದಕ್ಕಾಗಿಯೇ ಅದು ನನ್ನ ಮನಸ್ಸಿನಿಂದ ಅಳಿದಿಲ್ಲ. ಇನ್ನು ನೆರೆಯ ಮಲಯಾಳದಲ್ಲಿ 2011ರಿಂದ ಮಳವಿಲ್ ಮನೋರಮಾ ವಾಹಿನಿಯಲ್ಲಿ ಬರುತ್ತಿರುವ 'ಮರಿಮಾಯಂ' ಸರಕಾರಿ ಕಚೇರಿಗಳ ವ್ಯವಹಾರವನ್ನೇ ಹಾಸ್ಯಕ್ಕೆ ಆರಿಸಿಕೊಂಡಿದೆ. ಕಡತ ಮೇಜಿನಿಂದ ಮೇಜಿಗೆ ಹೋಗುವ ಬಗೆ, ಅರ್ಜಿದಾರರು ಬಾಗಿಲಲ್ಲಿ ನಿಲ್ಲುವ ಬಗೆ ಅದರಲ್ಲಿ ಎಷ್ಟು ಸರಿಯಾಗಿದೆಯೆಂದರೆ ಕಚೇರಿಯಲ್ಲಿ ದುಡಿದ ನನಗೆ ಒಮ್ಮೊಮ್ಮೆ ನಾಚಿಕೆಯಾಗುತ್ತದೆ. ಭಾಷೆ ನನ್ನದಲ್ಲ, ಆದರೂ ಅಲ್ಲಿ ನನ್ನ ಬದುಕು ಕಾಣುತ್ತದೆ. ಭಾಷೆ ನನ್ನದಾದಲ್ಲಿ ಬದುಕು ಕಾಣುವುದಿಲ್ಲ. ಗಡಿನಾಡಿನ ಕನ್ನಡಿಗಳೊಬ್ಬಳು ಇದನ್ನು ಬರೆಯುವಾಗ ಎಷ್ಟು ಸಂಕಟಪಡುತ್ತಾಳೆಂಬುದನ್ನು ವಾಹಿನಿಯವರು ತಿಳಿಯಬೇಕೆಂಬುದು ನನ್ನ ಆಸೆ.

ತಮ್ಮಲ್ಲಿ ಒಂದು ವಿನಂತಿ. ಪತ್ರಿಕೆಯ ವಾರದ ಟಿವಿ ಪುಟದಲ್ಲಿ ಈಗ ತಾರೆಯರ ಭಾವಚಿತ್ರ ಮತ್ತು ಮುಂದಿನ ಕಂತುಗಳ ಕಥಾಸಾರ ಮಾತ್ರ ಇರುತ್ತದೆ. ಅದೇ ಪುಟದಲ್ಲಿ ಕಾಲು ಅಂಕಣದಷ್ಟು ಜಾಗವನ್ನು ಓದುಗರಿಗೆ ಬಿಟ್ಟುಕೊಡಿ. ಇಂತಹ ಧಾರಾವಾಹಿಯ ಇಂತಹ ಕಂತಿನಲ್ಲಿ ಈ ವಿವರ ಹೀಗೆ ತಪ್ಪಾಗಿದೆ, ನಮ್ಮ ಕಡೆಯಲ್ಲಿ ಅದು ಹೀಗಿರುತ್ತದೆ ಎಂದು ಅಡಕೆ ಬೆಳೆಯುವವರು, ಮೀನು ಮಾರುವವರು, ದಾದಿಯರು, ಬಸ್ ನಿರ್ವಾಹಕರು ನಾಲ್ಕು ಸಾಲು ಬರೆಯಲಿ. ಸರಿಯಾಗಿ ತೋರಿಸಿದ್ದನ್ನೂ ಹೆಸರಿಸಿ ಬರೆಯಲಿ. ಬರೆಯುವ ಕೈಗಳು ಕಾಸರಗೋಡಿನಲ್ಲಿಯೇ ಬೇಕಷ್ಟಿವೆ, ಜಾಗವನ್ನು ತಾವು ಕೊಟ್ಟರೆ ಮೊದಲ ವಾರದ ಟಿಪ್ಪಣಿಯನ್ನು ನಾನೇ ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರಳು
ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ