ತಂತ್ರಾಂಶವೂ ಕಾರ್ಖಾನೆಯ ಬಂಡವಾಳವೇ

ಮಾನ್ಯ ಸಂಪಾದಕರೇ,

ಮಾಹಿತಿ ತಂತ್ರಜ್ಞಾನದಲ್ಲಿ ಹೂಡಿಕೆ ಎಂದೊಡನೆ ನಮ್ಮಲ್ಲಿ ಚರ್ಚೆಗೆ ಬರುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಯ ದೊಡ್ಡ ಕಂಪನಿಗಳು. 2029ರೊಳಗೆ ರಾಜ್ಯಕ್ಕೆ 500 ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು (ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆಯುವ ಕಚೇರಿಗಳನ್ನು) ತರುವ ಸರ್ಕಾರದ ಗುರಿ ಸ್ವಾಗತಾರ್ಹವೇ. ಆದರೆ ಅದೇ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳು ತಮ್ಮ ಕೆಲಸಕ್ಕೆ ಬೇಕಾದ ತಂತ್ರಾಂಶದ ಮೇಲೆ ಹಣ ಹಾಕುತ್ತಿವೆಯೇ ಎಂದು ಕೇಳುವವರು ಕಡಿಮೆ.

ಇಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನಾಗಿ ನಾನು ಕಂಡಂತೆ, ಆಗಿರುವ ಹೂಡಿಕೆ ಬಹುಮಟ್ಟಿಗೆ ಕಾನೂನಿನ ಒತ್ತಾಯದಿಂದ ಆದದ್ದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಆರಂಭವಾದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್), ಮಿತಿ ಇಳಿಯುತ್ತಾ ಬಂದು 2023ರ ಆಗಸ್ಟ್‌ನಿಂದ 5 ಕೋಟಿ ಮೀರಿದವರಿಗೂ ಕಡ್ಡಾಯವಾಯಿತು. ಹೀಗಾಗಿ ಬಿಲ್ ಮಾಡುವ ಕೋಣೆ ಆಧುನಿಕವಾಗಿದೆ, ಯಂತ್ರಗಳಿರುವ ಶೆಡ್ಡು ಮಾತ್ರ ಹಿಂದಿನಂತೆಯೇ ಇದೆ. ಲಕ್ಷಾಂತರ ರೂಪಾಯಿಯ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಲೆಕ್ಕ ಪೆನ್ನಿನಲ್ಲಿ ಬರೆದ, ಎಣ್ಣೆ ಮೆತ್ತಿದ ಜಾಬ್ ಕಾರ್ಡಿನಲ್ಲಿ ಕಚೇರಿಗೆ ಬರುತ್ತದೆ. ಎಷ್ಟು ಪೀಸು ರಿಜೆಕ್ಟ್ ಆಯಿತು, ಟೂಲ್ ಬದಲಿಸಲು ಯಂತ್ರ ಎಷ್ಟು ಹೊತ್ತು ನಿಂತಿತ್ತು ಎಂಬುದು ಮಾಲೀಕರಿಗೆ ತಿಳಿಯುವಷ್ಟರಲ್ಲಿ ಮುಂದಿನ ಪಾಳಿಯಲ್ಲೂ ಅದೇ ತಪ್ಪು ನಡೆದಿರುತ್ತದೆ. ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಜಾಬ್‌ವರ್ಕ್ ಘಟಕಗಳ ಅಲ್ಪ ಲಾಭ ಸೋರಿಹೋಗುವುದೇ ಇಲ್ಲಿ.

ಇದನ್ನು ಸರಿಪಡಿಸುವ ತಂತ್ರಾಂಶ ಮಾರುಕಟ್ಟೆಯಲ್ಲಿದೆ. ಅಡ್ಡಿಯಾಗಿರುವುದು ಹಣ. ಯಂತ್ರ ಕೊಳ್ಳಲು ಅವಧಿ ಸಾಲ ಸಿಗುತ್ತದೆ, ಏಕೆಂದರೆ ಯಂತ್ರವನ್ನೇ ಒತ್ತೆ ಇಡಬಹುದು. ವರ್ಷದ ಚಂದಾ ಕಟ್ಟಿ ಬಳಸುವ ತಂತ್ರಾಂಶಕ್ಕೆ, ಕೆಲಸಗಾರರಿಗೆ ಅದನ್ನು ಕಲಿಸುವ ಖರ್ಚಿಗೆ ಅಂಥ ಭದ್ರತೆ ಇಲ್ಲವೆಂದು ಬ್ಯಾಂಕಿನವರು ಹಿಂಜರಿಯುತ್ತಾರೆ. ಆದಾಯ ತೆರಿಗೆಯ ನಿಯಮವೇ ಕಂಪ್ಯೂಟರ್ ಜೊತೆಗೆ ತಂತ್ರಾಂಶವನ್ನೂ ಆಸ್ತಿಯೆಂದು ಪರಿಗಣಿಸಿ ಶೇ 40ರ ಸವಕಳಿ (ವರ್ಷವರ್ಷವೂ ಆದಾಯದಿಂದ ಕಳೆಯಬಹುದಾದ ಆಸ್ತಿಮೌಲ್ಯದ ಪಾಲು) ಕೊಡುವಾಗ, ಸಾಲದ ಲೆಕ್ಕದಲ್ಲಿ ಅದು ಆಸ್ತಿಯಲ್ಲವೆನ್ನುವುದು ನ್ಯಾಯವಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸಣ್ಣ ಉದ್ಯಮಗಳ ಡಿಜಿಟಲ್ ವಹಿವಾಟಿನ ದಾಖಲೆ ನೋಡಿ ಸಾರ್ವಜನಿಕ ಬ್ಯಾಂಕುಗಳೇ ಸಾಲದ ಅರ್ಹತೆ ಅಳೆಯಬೇಕೆಂದು 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಮುಂದಿನ ದಿನಗಳಲ್ಲಿ ಅಂಥ ದಾಖಲೆ ಇಲ್ಲದ ಘಟಕ ಸಾಲದ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಾದೀತು. ದಾಖಲೆ ಕೇಳುವ ಬ್ಯಾಂಕು ಅದನ್ನು ಹುಟ್ಟಿಸುವ ವ್ಯವಸ್ಥೆಗೂ ಸಾಲ ಕೊಡಬೇಡವೇ?

ಆದ್ದರಿಂದ ರಾಜ್ಯದ ಕೈಗಾರಿಕಾ ಇಲಾಖೆಯು ಸಣ್ಣ ಘಟಕಗಳಿಗೆ ಕೊಡುವ ಸಹಾಯಧನದ ಲೆಕ್ಕದಲ್ಲಿ ತಂತ್ರಾಂಶದ ಕನಿಷ್ಠ ಮೂರು ವರ್ಷಗಳ ಚಂದಾ ಮತ್ತು ಕನ್ನಡದಲ್ಲಿ ನಡೆಯುವ ತರಬೇತಿಯ ವೆಚ್ಚವನ್ನು ಯಂತ್ರೋಪಕರಣದ ಸಮಾನವಾಗಿ ಪರಿಗಣಿಸಬೇಕು. ಈ ವಿಷಯವನ್ನು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದಿನ ಸಭೆಯಲ್ಲಿಯೇ ಇಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಪೀಣ್ಯ, ಬೆಂಗಳೂರು