ಡಬ್ಲಿನ್ನಿನಿಂದ ಗೆಳೆಯನಿಗೊಂದು ಪತ್ರ: ಐರಿಷರ ಕಣ್ಣಲ್ಲಿ ಪೋಲಿಷರು

ಪ್ರಿಯ ಗೆಳೆಯಾ,

2025ರ ಜುಲೈಯಲ್ಲಿ ಇಲ್ಲಿನ ಟಾಲಾ ಎಂಬ ಹೊರವಲಯದಲ್ಲಿ ಭಾರತೀಯನೊಬ್ಬನ ಮೇಲೆ ನಡೆದ ಹಲ್ಲೆಯ ಸುದ್ದಿ ನಿನ್ನ ನಿದ್ದೆ ಕೆಡಿಸಿದೆ ಎಂದು ಗೊತ್ತು. ಮಗಳನ್ನು ಓದಲು ಕಳಿಸಬೇಕೆಂದಿರುವ ದೇಶ ಹೊರಗಿನವರನ್ನೆಲ್ಲ ಹೀಗೆಯೇ ಕಾಣುತ್ತದೆಯೇ ಎಂದು ಕೇಳಿದ್ದೀಯ. ನಮ್ಮವರ ವಿಷಯ ಬಿಡು, ಫೋನಿನಲ್ಲಿ ಎಷ್ಟೋ ಮಾತಾಡಿದ್ದೇವೆ. ಪೋಲಿಷರ ಕಥೆ ಹೇಳುತ್ತೇನೆ. 2022ರ ಗಣತಿಯ ಪ್ರಕಾರ ಇಲ್ಲಿರುವ ಹೊರದೇಶದ ಪೌರರಲ್ಲಿ ಅವರದೇ ದೊಡ್ಡ ಗುಂಪು. ಐರಿಷರ ಸ್ವಭಾವ ಅರಿಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

2004ರ ಮೇ 1ರಂದು ಪೋಲೆಂಡ್ ಸೇರಿ ಹತ್ತು ದೇಶಗಳು ಐರೋಪ್ಯ ಒಕ್ಕೂಟಕ್ಕೆ ಸೇರಿದವು. ಅಂದೇ ತಮ್ಮ ಉದ್ಯೋಗ ಮಾರುಕಟ್ಟೆಯ ಬಾಗಿಲು ತೆರೆದದ್ದು ಬ್ರಿಟನ್, ಸ್ವೀಡನ್ ಮತ್ತು ಐರ್ಲೆಂಡ್ ಮಾತ್ರ. ಪೋಲೆಂಡಿನಲ್ಲಿ ಆಗ ನಿರುದ್ಯೋಗ ಶೇಕಡಾ 20ರ ಆಸುಪಾಸಿನಲ್ಲಿತ್ತು. ಇಲ್ಲಿ ಊರೂರಿನಲ್ಲೂ ಮನೆ ಕಟ್ಟುವ ಭರಾಟೆ, ಕೈಗಳು ಸಾಲದು. 2006ರ ಜನಗಣತಿಯಲ್ಲಿ 63 ಸಾವಿರದಷ್ಟಿದ್ದ ಪೋಲಿಷರು 2011ಕ್ಕೆ 1,22,585 ಆದರು. ತಲೆಮಾರುಗಳಿಂದ ಮಕ್ಕಳನ್ನು ಬಾಸ್ಟನ್ನಿಗೂ ಲಂಡನ್ನಿಗೂ ಹಡಗು ಹತ್ತಿಸಿ ಕಣ್ಣೀರಿಟ್ಟ ದೇಶವಿದು. ಈಗ ನಮ್ಮಲ್ಲಿಗೂ ಜನ ಬರುತ್ತಾರೆ ಎಂಬುದು ಅವರಿಗೆ ಬೆರಗೂ ಹೌದು, ಒಳಗೊಳಗೇ ಹೆಮ್ಮೆಯೂ ಹೌದು.

ಆದರೆ ಆ 2004ರ ಜೂನ್‌ನಲ್ಲೇ ಇನ್ನೊಂದು ನಡೆಯಿತು. ಇಲ್ಲಿ ಹುಟ್ಟಿದ ಮಗುವಿಗೆಲ್ಲ ತಾನಾಗಿಯೇ ಪೌರತ್ವ ಎಂಬ ಹಕ್ಕನ್ನು ಜನಮತಗಣನೆಯಲ್ಲಿ ಶೇಕಡಾ 79ರಷ್ಟು ಮಂದಿ ತೆಗೆದುಹಾಕಿದರು. ಆಗಿನ ಚರ್ಚೆಯಲ್ಲಿ ಬೊಟ್ಟು ಮಾಡಿದ್ದು ಹೆಚ್ಚಾಗಿ ಆಫ್ರಿಕಾದಿಂದ ಬಂದ ತಾಯಂದಿರ ಕಡೆಗೆ. ಬಿಳಿಯರೂ ಕ್ಯಾಥೊಲಿಕರೂ ಆದ ಪೋಲಿಷರು ಭಾನುವಾರ ಚರ್ಚಿನ ಖಾಲಿ ಬೆಂಚುಗಳನ್ನು ತುಂಬಿದರು. ಡಬ್ಲಿನ್ನಿನ ಸೇಂಟ್ ಆಡೋಯೆನ್ಸ್ ಚರ್ಚು ಅವರದೇ ಆಗಿಹೋಯಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಐರಿಷರ ಆತಿಥ್ಯವನ್ನು ಕೊಂಡಾಡುವವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪೋಲಿಷರ ಬಗ್ಗೆ ಯಾರನ್ನು ಕೇಳಿದರೂ ಬರುವ ಮೊದಲ ಮಾತು "ಭಾರಿ ದುಡಿಮೆಗಾರರು". ನಮ್ಮ ಪಕ್ಕದ ಮನೆಯ ಅಜ್ಜಿಯ ಬಾಯ್ಲರ್ ಕೆಟ್ಟಾಗಲೆಲ್ಲ ಒಬ್ಬ ಪೋಲಿಷ್ ಮನುಷ್ಯ ಬರುತ್ತಾನೆ. ಮೀಸೆ ಪೂರಾ ನರೆತಿದೆ, ಅಜ್ಜಿಗೆ ಮಾತ್ರ ಅವನು ಇಂದಿಗೂ "ನನ್ನ ಪೋಲಿಷ್ ಹುಡುಗ". ಚಹಾ ಕೊಡುತ್ತಾಳೆ, ಬಿಸ್ಕತ್ತು ಕೊಡುತ್ತಾಳೆ, ಕೇಳಿದ್ದಕ್ಕಿಂತ ಹೆಚ್ಚು ಹಣ ಕೊಡುತ್ತಾಳೆ. ಅವನ ಊರು ಬಿದ್ಗೋಶ್ಚ್ ಎಂಬುದು ಇಷ್ಟು ವರ್ಷಗಳಲ್ಲಿ ಅವಳಿಗೆ ತಿಳಿದಿಲ್ಲ, ಕೇಳಬೇಕೆಂದು ಅನಿಸಿಯೂ ಇಲ್ಲ. ಅವಳ ಪ್ರೀತಿ ಸುಳ್ಳಲ್ಲ. ಆದರೆ ಆ ಹೊಗಳಿಕೆ ಅವನ ಕೈಯವರೆಗೆ ಬಂದು ನಿಂತುಬಿಡುತ್ತದೆ.

ಮನಸ್ತಾಪ ಶುರುವಾದದ್ದು ಎಲ್ಲಿ ಗೊತ್ತೇ? ಮೀನಿನಲ್ಲಿ! ಐರಿಷರಿಗೆ ಕೆರೆಯ ಪೈಕ್ ಮೀನು ಆಟದ ವಸ್ತು: ಗಾಳಕ್ಕೆ ಬಿದ್ದರೆ ತೂಗಿ, ಫೋಟೊ ತೆಗೆದು, ನೀರಿಗೇ ಬಿಡುತ್ತಾರೆ. ಪೋಲಿಷರಿಗೆ ಅದು ಊಟ. ಕ್ರಿಸ್‌ಮಸ್ ಹಿಂದಿನ ರಾತ್ರಿಯಂತೂ ಸಿಹಿನೀರಿನ ಕಾರ್ಪ್ ಮೀನಿಲ್ಲದೆ ಅವರ ಹಬ್ಬವೇ ಆಗದು. ಪೂರ್ವ ಐರೋಪ್ಯರು ಕೆರೆ ಬರಿದು ಮಾಡುತ್ತಿದ್ದಾರೆಂದು ಗಾಳಗಾರರು ಕೂಗಾಡಿದರು. 2006ರಲ್ಲಿ ನಿಯಮವೇ ಬಂತು: ದಿನಕ್ಕೆ ಒಬ್ಬರು ಒಂದೇ ಪೈಕ್ ಇಟ್ಟುಕೊಳ್ಳಬಹುದು, ಅದೂ 50 ಸೆಂಟಿಮೀಟರು ಮೀರಬಾರದು. ಹಿಡಿದದ್ದನ್ನು ತಿನ್ನುವುದೂ ತಪ್ಪೇ ಎಂದು ಪೋಲಿಷರು ಬೆಪ್ಪಾದರು. ನನ್ನ ಮಟ್ಟಿಗೆ, ಮೀನನ್ನು ಗಾಯ ಮಾಡಿ ವಾಪಸು ಬಿಡುವುದೇ ವಿಚಿತ್ರ.

ಇದಕ್ಕಿಂತ ಕರಾಳವಾದದ್ದೂ ಇದೆ. 2008ರ ಫೆಬ್ರವರಿಯಲ್ಲಿ ಡಬ್ಲಿನ್ನಿನ ಡ್ರಿಮ್ನಾದಲ್ಲಿ ಇಬ್ಬರು ಪೋಲಿಷ್ ಯುವಕರನ್ನು ಸ್ಕ್ರೂಡ್ರೈವರಿನಿಂದ ಇರಿದು ಕೊಂದರು. ಊರೇ ತಲೆ ತಗ್ಗಿಸಿತು. ಆ ವರ್ಷವೇ ಆರ್ಥಿಕತೆ ಕುಸಿದಾಗ ನೆನ್ನೆಯ ದುಡಿಮೆಗಾರರು ಕೆಲವರ ಬಾಯಲ್ಲಿ ನಿರುದ್ಯೋಗ ಭತ್ಯೆ ತಿನ್ನುವವರಾದರು. ಅದೇನೂ ಆಶ್ಚರ್ಯವಲ್ಲ. ದುಡಿಮೆಗಾಗಿಯೇ ಮೆಚ್ಚಿದವರನ್ನು ದುಡಿಮೆ ಇಲ್ಲದಾಗ ಮೆಚ್ಚುವುದು ಹೇಗೆ?

ಇನ್ನು ಅವರ ದೇಶದ ಬಗ್ಗೆ. ಓದಿಕೊಂಡ ಐರಿಷರು ಪೋಲೆಂಡನ್ನು ಅಕ್ಕತಂಗಿಯ ದೇಶವೆಂದೇ ಕಾಣುತ್ತಾರೆ: ನೆರೆಯ ಬಲಾಢ್ಯರು ನುಂಗಿದ್ದ, ಧರ್ಮವನ್ನು ಬಿಡದೆ ಹಿಡಿದುಕೊಂಡಿದ್ದ ದೇಶ. 1840ರ ದಶಕದಲ್ಲಿ ಐರ್ಲೆಂಡನ್ನು ಕಾಡಿದ ಮಹಾಕ್ಷಾಮದ ಕಾಲದಲ್ಲಿ ಪಾವೆಲ್ ಸ್ತ್ಶೆಲೆಟ್ಸ್ಕಿ ಎಂಬ ಪೋಲಿಷ್ ಅನ್ವೇಷಕ ಮೇಯೊ, ಡೊನೆಗಾಲ್ ಕಡೆಯ ಶಾಲೆಗಳಲ್ಲಿ ಹಸಿದ ಮಕ್ಕಳಿಗೆ ಊಟ ಹಾಕಿಸಿದ, ಸಂಬಳವನ್ನೂ ಮುಟ್ಟಲಿಲ್ಲ. ಬೀದಿಯಲ್ಲಿ ಕೇಳಿದರೆ ಅವನ ಹೆಸರು ಬಲ್ಲವರು ಸಿಗುವುದು ಕಷ್ಟ. ಬ್ರಿಟಿಷರ ವಿರುದ್ಧದ 1916ರ ದಂಗೆಯ ನಾಯಕಿ ಕಾನ್ಸ್ಟೆನ್ಸ್ ಮಾರ್ಕಿಯೆವಿಚ್‌ಳನ್ನು ಅರಿಯದವರಿಲ್ಲ, ಆ ಕುಲನಾಮ ಪೋಲಿಷ್ ಗಂಡನದೆಂಬುದು ಹಲವರಿಗೆ ಹೊಳೆದೇ ಇಲ್ಲ.

ಜನಸಾಮಾನ್ಯರ ಮನಸ್ಸಿನಲ್ಲಿದ್ದದ್ದು ಹಿಮ, ವೋಡ್ಕಾ, ಬೂದು ಬಣ್ಣದ ಕಟ್ಟಡ. ಅದನ್ನು ಬದಲಿಸಿದ್ದು ಫುಟ್‌ಬಾಲ್. 2012ರ ಯೂರೋ ಕಪ್ ಪಂದ್ಯಗಳಿಗೆಂದು ಸಾವಿರಾರು ಐರಿಷರು ಪೋಲೆಂಡಿನ ಪೊಜ್ನಾನ್‌ಗೂ ಗ್ದಾನ್ಸ್ಕ್‌ಗೂ ಹೋದರು. ಅವರ ತಂಡ ಮೂರೂ ಪಂದ್ಯ ಸೋತಿತು. ಸ್ಪೇನ್ ನಾಲ್ಕು ಗೋಲು ಹೊಡೆದಾಗಲೂ ಇವರು ಹಾಡುತ್ತಲೇ ನಿಂತರು. ಆಟ ಮರೆತು ಊರನ್ನು ಹೊಗಳುತ್ತ ಮರಳಿದರು. ಈಗ ಅಗ್ಗದ ವಿಮಾನ ಹತ್ತಿ ವಾರಾಂತ್ಯಕ್ಕೆ ಕ್ರಾಕುವ್‌ಗೆ ಹೋಗುತ್ತಾರೆ, ಹಲ್ಲು ಕಟ್ಟಿಸಿಕೊಳ್ಳಲೂ ಹೋಗುತ್ತಾರೆ.

ಈಚೆಗೆ ಇನ್ನೊಂದು ತಿರುವು ಕಾಣುತ್ತಿದೆ. 2022ರ ಗಣತಿಯಲ್ಲಿ ಪೋಲಿಷರು 93,680ಕ್ಕೆ ಇಳಿದಿದ್ದಾರೆ. ಕೆಲವರು ಐರಿಷ್ ಪೌರತ್ವ ಪಡೆದರು, ಹಲವರು ಊರಿಗೆ ಮರಳಿದರು. ಅಲ್ಲಿ ಸ್ವಂತ ಮನೆ ಕಟ್ಟಿಕೊಂಡವರ ಮಾತು ಬಂದಾಗ, ಡಬ್ಲಿನ್ನಿನ ಬಾಡಿಗೆಗೆ ಬೆದರಿ ತಂದೆತಾಯಿಯ ಜೊತೆಯೇ ಉಳಿದಿರುವ ನನ್ನ ಐರಿಷ್ ಸಹೋದ್ಯೋಗಿಗಳ ಮುಖ ನೋಡಬೇಕು: ಅಪ್ಪಟ ಹೊಟ್ಟೆಕಿಚ್ಚು. ಉಳಿದವರ ಮಕ್ಕಳು ಡಬ್ಲಿನ್ ಧಾಟಿಯ ಇಂಗ್ಲಿಷ್ ಮಾತಾಡುತ್ತ, ಶನಿವಾರ ಪೋಲಿಷ್ ಶಾಲೆಗೆ ಹೋಗುತ್ತ, 2022ರಿಂದ ಶಾಲಾಂತ್ಯ ಪರೀಕ್ಷೆಯಲ್ಲಿ ಪೋಲಿಷ್ ಭಾಷೆಯನ್ನು ಪಠ್ಯವಿಷಯವಾಗಿಯೇ ಬರೆಯುತ್ತಿದ್ದಾರೆ. ಇವರನ್ನು "ದುಡಿಮೆಗಾರರು" ಎಂದು ಯಾರೂ ಹೊಗಳುವುದಿಲ್ಲ. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ.

ಮಗಳ ವಿಷಯ: ಕಳಿಸು. ಬಣ್ಣದ ಕಾರಣಕ್ಕೆ ಅವಳಿಗೆ ಪೋಲಿಷರಷ್ಟು ಸಲೀಸಾಗದು, ಅದನ್ನು ಮುಚ್ಚಿಡದೆ ಅವಳಿಗೆ ಹೇಳಿಬಿಡು. ಮನೆಯನ್ನು ಮಾತ್ರ ಈಗಿನಿಂದಲೇ ಹುಡುಕಲು ಶುರುಮಾಡಿ. ಸೀಟು ಸಿಗುವುದಕ್ಕಿಂತ ಕೋಣೆ ಸಿಗುವುದು ಇಲ್ಲಿ ಕಷ್ಟ.

ನಿನ್ನ ಗೆಳೆಯ