ಮಗಳಿಗೊಂದು ಪತ್ರ: ಕಸದ ಗಾಡಿಯ ಹಾಡು, ಕಿತ್ತ ವೈರು

ಮಂಡ್ಯ
ಗುರುವಾರ ರಾತ್ರಿ

ಪುಟ್ಟಿ,

ಮಂಗಳವಾರದಿಂದ ನಿನಗೆ 11 ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೆರೆ ಬಿದ್ದಿದೆ, ಅಂದರೆ ಬೆಂಗಳೂರು ತಲುಪಿದ್ದೀಯ, ಅಷ್ಟು ಸಾಕು ಅಂದುಕೊಂಡೆ. ಸಾಕಾಗಲಿಲ್ಲ. ಅದಕ್ಕೇ ಅಳತೆ ಪುಸ್ತಕದ ಹಿಂದಿನ ಹಾಳೆ ಹರಿದು ಬರೆಯಲು ಕೂತಿದ್ದೇನೆ. ಎದುರುಮನೆ ಆಂಟಿ ಶನಿವಾರ ಮಗನ ಮನೆಗೆ ಹೊರಟಿದ್ದಾರೆ. ಚಟ್ನಿಪುಡಿ ಜೊತೆ ಇದನ್ನೂ ಕೊಟ್ಟು ಕಳಿಸುತ್ತೇನೆ.

ಸೋಮವಾರ ರಾತ್ರಿ ಯಾರು ಯಾರಿಗೆ ಏನಂದರು ಅಂತ ಮತ್ತೆ ಬರೆಯಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ವೈರ್ ಕಿತ್ತ ವಿಷಯ ಮಾತ್ರ ಬರೀಬೇಕು.

ನಿನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ವೈರ್ ಇದ್ದರೆ ಮಾತ್ರ ಅದು ಓಡುತ್ತೆ ಅಂತ ನನಗೆ ಗೊತ್ತಿತ್ತು. "ಗೊತ್ತಿಲ್ಲದೆ ಕಿತ್ತೆ" ಅಂತ ನಿಮ್ಮಪ್ಪನ ಮುಂದೆ ಹೇಳಿದ್ದು ಸುಳ್ಳು. ಗೊತ್ತಿದ್ದೇ ಕಿತ್ತೆ. ಪರದೆ ಕಪ್ಪಾಯಿತು. ನೀನು ಕೂಗಾಡಿದ್ದರೆ ನಾನೂ ಕೂಗಾಡಿ ಅಲ್ಲಿಗೆ ಮುಗಿಸುತ್ತಿದ್ದೆನೇನೋ. ನೀನು ಕೂಗಲಿಲ್ಲ. ಎರಡೂ ಕೈ ಕೀಬೋರ್ಡ್ ಮೇಲೆ ಹಾಗೇ ಇತ್ತು. ಎಡಗೈ ಕಿರುಬೆರಳು ಮಾತ್ರ ಮೂಲೆಯ ಆ ಬಟನ್ ಮೇಲಿತ್ತು, ಕಂಟ್ರೋಲ್ ಅಂತೀಯಲ್ಲ, ಅದರ ಮೇಲೆ. ಸೇವ್ ಮಾಡಲು ಹೊರಟಿದ್ದೆ ಅಂತ ನನಗೆ ಆಮೇಲೆ ಹೊಳೆಯಿತು. ಇನ್ನೊಂದು ಕ್ಷಣ ತಡೆದಿದ್ದರೆ ಆ ಮೂರು ಗಂಟೆ ಕೆಲಸ ಉಳಿಯುತ್ತಿತ್ತು. ಆ ಕಿರುಬೆರಳು ನನ್ನ ಕಣ್ಣಿಂದ ಹೋಗುತ್ತಿಲ್ಲ ಕಣೇ. ಗುಂಡಿ ಹಾಕುವಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ.

ಅವತ್ತು ಮಧ್ಯಾಹ್ನ ಏನಾಗಿತ್ತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಕಲ್ಲಹಳ್ಳಿಯಿಂದ ಬಂದಿದ್ದ ಮದುವೆ ಸೀರೆ, ಅದೇ ಸೀರೆಯ ಬ್ಲೌಸ್ ಪೀಸ್. ಒಂದು ಅಂಗುಲವೂ ಹೆಚ್ಚಿಗೆ ಇರಲ್ಲ ಅದರಲ್ಲಿ. ತೋಳು ಕತ್ತರಿಸುವಾಗ ಬಟ್ಟೆಯನ್ನು ಮುಖಕ್ಕೆ ಮುಖ ಮಡಚಿ ಇಡಬೇಕು. ಇಡಲಿಲ್ಲ. ಎರಡೂ ಎಡಗೈ ತೋಳೇ ಆಯಿತು. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ. ಕತ್ತರಿ ಕೆಳಗಿಟ್ಟಾಗ ನನ್ನ ಬಾಯಲ್ಲಿ ಇದ್ದದ್ದು ಏನು ಗೊತ್ತಾ? ಕಸದ ಗಾಡಿ ಹಾಡು.

ಬೆಳಗ್ಗೆ ಆಟೊದವರು ಬೀದಿ ತುದಿಯಲ್ಲಿ ಆ ಹಾಡು ಹಾಕುತ್ತಾರೆ. ನಮ್ಮ ತಿರುವಿಗೆ ಬರುವಷ್ಟರಲ್ಲಿ ಗಾಡಿ ಆಫ್, ಹಾಡೂ ಆಫ್. ದಿನಾ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ತುಂಡಾಗುತ್ತೆ. ಆ ತುಂಡನ್ನು ನೀನು ಎತ್ತಿಕೊಂಡು ಸಂಜೆವರೆಗೂ ಗುನುಗುತ್ತಿದ್ದೆ. ಕೋಡ್ ಬರೆಯುವಾಗ ಜಾಸ್ತಿ. ನಿನ್ನಿಂದ ನನಗೆ ಅಂಟಿತು. ಮೆಷಿನ್ ತುಳಿತಕ್ಕೆ ಸರಿಯಾಗಿ ತಾಳ ಬೇರೆ. ಮೂರು ವಾರ ನಿಲ್ಲಲೇ ಇಲ್ಲ. ತೋಳು ಕೆಟ್ಟಿದ್ದಕ್ಕೆ ನಿನ್ನ ಹಾಡೇ ಕಾರಣ ಅಂತ ಅವತ್ತು ನಾನು ನಂಬಿಬಿಟ್ಟೆ. ರಾತ್ರಿ ನೀನು ಮತ್ತೆ ಅದನ್ನೇ ಶುರು ಮಾಡಿದೆ. ಮುಂದಿನದು ನಿನಗೆ ಗೊತ್ತು.

ಈ ಹಾಡಿನ ವಿಷಯ ನೀನು ಒಂದು ದಿನ ಕೂರಿಸಿಕೊಂಡು ಹೇಳಿದ್ದೆ. ನಾನು ಅಂಚು ಮಡಚುತ್ತಾ ಕೇಳಿಸಿಕೊಂಡಿದ್ದೆ, ಕೇಳದ ಹಾಗೆ ಇದ್ದೆ ಅಷ್ಟೇ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಕಿವಿ ಹುಳು ಅಂತಾರೆ ಅಂದೆ. ಸ್ವಲ್ಪ ವೇಗವಾಗಿದ್ದು, ಬಾಯಿಗೆ ಸುಲಭಕ್ಕೆ ಸಿಕ್ಕಿ, ಮಧ್ಯೆ ಎಲ್ಲೋ ಒಂದು ಕಡೆ ನಾವು ಕಾಯದ ಜಿಗಿತ ಇರುವ ರಾಗ ಜಾಸ್ತಿ ಅಂಟುತ್ತೆ ಅಂತ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು 2016ರಲ್ಲಿ ಹೇಳಿದರಂತೆ. ಕೈ ತಾನಾಗಿ ಕೆಲಸ ಮಾಡುತ್ತಾ ಮನಸ್ಸು ಖಾಲಿ ಇದ್ದಾಗ ಅದು ನುಗ್ಗುತ್ತಂತೆ. ಅಂಚು ಹೊಲಿಯೋದು ಅಂಥದೇ ಕೆಲಸ ಅಲ್ವಾ? ಇನ್ನೊಂದು ಹೇಳಿದ್ದೆ. ಬ್ಲೂಮಾ ಜೈಗಾರ್ನಿಕ್ ಅನ್ನುವ ಹೆಂಗಸು 1927ರಲ್ಲೇ ಬರೆದಿದ್ದರಂತೆ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಮನಸ್ಸಲ್ಲಿ ಜಾಸ್ತಿ ಉಳಿಯುತ್ತೆ ಅಂತ. ಅದಕ್ಕೇ ಹಾಡನ್ನು ಪೂರ್ತಿ ಕೇಳಿಬಿಡು, ಬಿಟ್ಟು ಹೋಗಬಹುದು ಅಂದಿದ್ದೆ. ಇಲ್ಲ ಅಂದರೆ ಏನಾದರೂ ಅಗಿ, 2015ರಲ್ಲಿ ಇಂಗ್ಲೆಂಡಿನ ಇನ್ನೊಂದು ಕಡೆ ಜನರಿಗೆ ಚ್ಯೂಯಿಂಗ್ ಗಮ್ ಕೊಟ್ಟು ನೋಡಿದ್ದಾರೆ, ಹಾಡು ಕಮ್ಮಿಯಾಗಿದೆ ಅಂದೆ. ನಿನ್ನೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆ. ಅಗಿಯುವಷ್ಟು ಹೊತ್ತು ಸುಮ್ಮನಿತ್ತು. ಉಗುಳಿದ ಮೇಲೆ ಬಂತು.

ಇವತ್ತು ಬಕೆಟ್ ಹಿಡಿದು ನಾನೇ ಕೆಳಗೆ ಹೋದೆ. ಡ್ರೈವರ್ ಅಣ್ಣನಿಗೆ "ಹಾಡು ಪೂರ್ತಿ ಹಾಕಪ್ಪ ಒಂದ್ಸಲ" ಅಂದೆ. ಆತ ನನ್ನ ಮುಖ ನೋಡಿದ, ಏನೂ ಕೇಳದೆ ಹಾಕಿದ. ಬೀದಿಯಲ್ಲಿ ನಿಂತು ಕೊನೆವರೆಗೂ ಕೇಳಿದೆ. ಕೊನೆಯಲ್ಲಿ ಒಬ್ಬ ಚಿಕ್ಕ ಹುಡುಗಿಯ ದನಿ ಇದೆ ಪುಟ್ಟಿ. ನಾವಿಬ್ಬರೂ ಅದನ್ನು ಯಾವತ್ತೂ ಕೇಳಿರಲಿಲ್ಲ. ಮಧ್ಯಾಹ್ನದವರೆಗೆ ತಲೆ ಖಾಲಿ ಇತ್ತು. ಆಮೇಲೆ ಮತ್ತೆ ಶುರುವಾಯಿತು. ಆದರೆ ನೀನು ಒಂದು ಪದ ತಪ್ಪು ಹಾಡುತ್ತಿದ್ದೆಯಲ್ಲ, ಹಸಿ ಕಸ ಅನ್ನೋ ಕಡೆ "ಹಸು ಕಸ" ಅಂತ, ನನ್ನ ತಲೆಯಲ್ಲಿ ಬರೋದು ಅದೇ ತಪ್ಪು.

ನಾನು ಹೊಲಿಗೆ ಹೇಗೆ ಕಲಿತೆ ಅಂತ ನಿನಗೆ ಹೇಳಿಲ್ಲ ಅನಿಸುತ್ತೆ. 1998ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ ಸೂಜಿಗೆ ದಾರ ಪೋಣಿಸೋದು ಬಿಟ್ಟು ಏನೂ ಬರುತ್ತಿರಲಿಲ್ಲ. ಕ್ಲಾಸಿಗೆ ಕಳಿಸಿ ಅಂದರೆ ದುಡ್ಡಿರಲಿಲ್ಲ. ನಿಮ್ಮಜ್ಜಿಯ ಹಳೇ ಬ್ಲೌಸ್ ಒಂದನ್ನು ಬ್ಲೇಡ್ ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದೆ. ಬಿಚ್ಚಿದ ತುಂಡುಗಳನ್ನು ಪೇಪರ್ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಮತ್ತೆ ಜೋಡಿಸಿದೆ. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದ ಮೇಲೆ ಡಾಟ್ ಯಾಕೆ ಹಿಡೀತಾರೆ, ಕಂಕುಳ ಹತ್ತಿರ ಬಟ್ಟೆ ಯಾಕೆ ಬಿಡ್ತಾರೆ ಅಂತ ಕೈಗೆ ತಿಳಿಯಿತು.

2020ರ ಲಾಕ್‌ಡೌನಲ್ಲಿ ನೀನು ಮಾಡಿದ್ದೂ ಅದನ್ನೇ. ಯಾವುದೋ ವೆಬ್ ಪೇಜ್ ತೆರೆದು, ಮೌಸ್ ಬಲಗಡೆ ಒತ್ತಿ, "ನೋಡಮ್ಮ, ಇದರ ಒಳಗಡೆ ಹೀಗಿದೆ" ಅಂತ ತೋರಿಸಿದ್ದೆ. ಪರದೆ ತುಂಬ ಇರುವೆ ಸಾಲಿನ ಹಾಗೆ ಅಕ್ಷರ. ಯಾರೂ ಮುಚ್ಚಿಟ್ಟಿಲ್ವಾ ಅಂತ ಕೇಳಿದ್ದೆ. ಇಲ್ಲ, ಟಿಮ್ ಬರ್ನರ್ಸ್-ಲೀ ಅನ್ನುವವರು 1989ರಲ್ಲಿ ಜಿನೀವಾದಲ್ಲಿ ಈ ವೆಬ್ ಅನ್ನೋದರ ಯೋಚನೆ ಶುರು ಮಾಡಿದರು, ಅವರ ಸಂಸ್ಥೆ ಸರ್ನ್ 1993ರಲ್ಲಿ ಇದನ್ನು ಜಗತ್ತಿಗೇ ಬಿಟ್ಟಿ ಕೊಟ್ಟುಬಿಟ್ಟಿತು, ಅದಕ್ಕೇ ನಾನು ಮಂಡ್ಯದಲ್ಲಿ ಕೂತು ಕಲಿಯೋಕೆ ಆಗ್ತಿರೋದು ಅಂದೆ. ಆಮೇಲೆ ನೋಟ್‌ಪ್ಯಾಡ್ ತೆಗೆದು ನನ್ನ ಹೆಸರು ಟೈಪ್ ಮಾಡಿ, ಅದರ ಸುತ್ತ ಡಬ್ಬಿ ಎಳೆದೆ. ಅಕ್ಷರಕ್ಕೂ ಗೆರೆಗೂ ಮಧ್ಯೆ ಬಿಡುವ ಜಾಗ ಪ್ಯಾಡಿಂಗ್, ಗೆರೆಯೇ ಬಾರ್ಡರ್, ಪಕ್ಕದ ಡಬ್ಬಿಗೂ ಇದಕ್ಕೂ ನಡುವಿನ ಜಾಗ ಮಾರ್ಜಿನ್. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಪ್ಯಾಡಿಂಗ್ ಅಂದರೆ ಮೈಗೂ ಹೊಲಿಗೆಗೂ ನಡುವೆ ಬಿಡುವ ಸಡಿಲ. ಸಡಿಲ ಬಿಡದಿದ್ದರೆ ಉಸಿರು ಕಟ್ಟುತ್ತೆ. ನಿನಗೆ ಹೇಳಲಿಲ್ಲ, ಆದರೆ ಅವತ್ತು ರಾತ್ರಿ ನಿದ್ದೆ ಬರದಷ್ಟು ಖುಷಿಯಾಗಿತ್ತು.

ಬೆಲ್ಲದ ಪೇಜ್ ನೆನಪಿದೆಯಾ? ಹೋದ ತಿಂಗಳು ಆಲೆಮನೆಯವರಿಗೆ ಅಂತ ಮಾಡಿ ನನ್ನ ಫೋನಲ್ಲಿ ತೋರಿಸಿದೆ. ನಾನು ಓದಿದೆ, "ಮಂಡ್ಯದ ಅಚ್ಚು ಬೆಲ." ನೀನು ಫೋನ್ ಕಿತ್ತುಕೊಂಡು ನೋಡಿದೆ. ಲಕಾರದ ಒತ್ತು ಕೆಳಗಡೆ ಕತ್ತರಿಸಿ ಹೋಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಂತ ಇಟ್ಟ ಸಾಲಿನ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲಲ್ಲ ಅಂತ ಹೇಳಿ, ಎತ್ತರ ಸ್ವಲ್ಪ ಹೆಚ್ಚಿಸಿ, ಮತ್ತೆ ತೋರಿಸಿದೆ. ಒತ್ತು ಪೂರ್ತಿ ಬಂದಿತ್ತು. ಕೆಳಗೆ ಬಟ್ಟೆ ಬಿಡದೆ ಕತ್ತರಿಸಿದ್ದೆ ಅಷ್ಟೇ ಅಂತ ನಾನಂದೆ. ನೀನು ನಕ್ಕೆ. ನಾವಿಬ್ಬರೂ ಒಂದೇ ಕೆಲಸದ ಬಗ್ಗೆ ಮಾತಾಡಿದ್ದು ಅದೊಂದೇ ಸಲ ಇರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬೈದೆ ಅಂತ ನೀನು ಕೇಳಬಹುದು. ಸರ್ಟಿಫಿಕೇಟ್, ಸರ್ಟಿಫಿಕೇಟ್ ಅಂತ ಯಾಕೆ ಜೀವ ತಿಂದೆ ಅಂತಾನೂ ಕೇಳಬಹುದು. ನೀನು ಹುಟ್ಟಿದ ಮೇಲೆ ಒಂದು ಗಾರ್ಮೆಂಟ್ಸ್‌ಗೆ ಕೆಲಸ ಕೇಳಲು ಹೋಗಿದ್ದೆ. ನಾನು ಹೊಲಿದ ಮೂರು ಬ್ಲೌಸ್ ಕವರಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಕವರ್ ಬಿಚ್ಚಿಯೂ ನೋಡಲಿಲ್ಲ ಅವರು. "ಎಲ್ಲಿ ಕಲಿತಿದ್ದು, ಕಾಗದ ಎಲ್ಲಿ" ಅಂದರು. ಮನೆಯಲ್ಲೇ ಅಂದೆ. ಮುಂದಿನವರನ್ನು ಕರೆದರು. ಬಸ್‌ಸ್ಟ್ಯಾಂಡಿನಲ್ಲಿ ಆ ಕವರ್ ತೊಡೆ ಮೇಲಿಟ್ಟುಕೊಂಡು ಎರಡು ಬಸ್ ಬಿಟ್ಟೆ. ಬಿ.ಕಾಂ.ನಲ್ಲಿ ಎರಡು ಪೇಪರ್ ಬಾಕಿ ಉಳಿಸಿಕೊಂಡು ನೀನು ರಾತ್ರಿಯೆಲ್ಲ ಕೋಡ್ ಬರೆಯುವಾಗ ನನಗೆ ಕಾಣೋದು ಅದೇ ಕವರ್. ನಿನ್ನ ಕೈಯಲ್ಲಿ ಕಾಣುತ್ತೆ.

ಈಗ ಬೆಂಗಳೂರಿನವರು ನಿನ್ನ ಪೇಜ್‌ಗಳನ್ನು ನೋಡಿಯೇ ಮೂರು ತಿಂಗಳ ಕೆಲಸಕ್ಕೆ ಕರೆದಿದ್ದಾರೆ. ಕಾಗದ ಕೇಳಲಿಲ್ಲ. ನನಗೆ ಹೆಮ್ಮೆ ಇದೆ. ಭಯ ಹೋಗಿಲ್ಲ. ಎರಡು ಪೇಪರ್ ಮಾತ್ರ ಬರೆದು ಮುಗಿಸು. ಅದು ಅರ್ಧಕ್ಕೆ ನಿಲ್ಲಬಾರದು. ಕೆಲಸ ಮಾಡುತ್ತಲೇ ಓದಬಹುದು, ಎಷ್ಟೋ ಜನ ಓದಿದ್ದಾರೆ. ಯಾರ ಕೆಲಸ ಹಿಡಿದರೂ ಮೊದಲು ಅಡ್ವಾನ್ಸ್ ತಗೋ, ಆಮೇಲೆ ಶುರು ಮಾಡು. ನಾಚಿಕೆ ಪಡಬೇಡ, ನಾನು ನಾಚಿಕೆ ಪಟ್ಟು ಎಷ್ಟು ಬ್ಲೌಸ್ ಬಿಟ್ಟಿ ಹೊಲಿದಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಅಳತೆ ಬರೆಸಿಕೊಂಡು ಅವರ ಕೈಲಿ ಒಪ್ಪಿಸಿಕೋ, ಬಾಯಿಮಾತಲ್ಲಿ ಬಿಡಬೇಡ. ಬಿಳಿ ಮೇಲೆ ಬೂದು ಬಣ್ಣದ ಅಕ್ಷರ ಹಾಕಬೇಡ. ನೋಡೋಕೆ ಚೆಂದ ಅಂತೀಯ, ನನ್ನ ವಯಸ್ಸಿನವರಿಗೆ ಅದು ಬಿಳಿ ಬಟ್ಟೆ ಮೇಲಿನ ಬಿಳಿ ದಾರ. ಅಕ್ಷರಕ್ಕೂ ಹಿನ್ನೆಲೆಗೂ ನಾಲ್ಕೂವರೆ ಪಟ್ಟು ವ್ಯತ್ಯಾಸ ಇರಬೇಕು ಅಂತ ನಿಯಮ ಇದೆ ಅಂತ ನೀನೇ ಹೇಳಿದ್ದೆ, ನೀನೇ ಮರೆಯುತ್ತೀಯ. ಬಟನ್ ದೊಡ್ಡದಿರಲಿ, ಆಲೆಮನೆಯಲ್ಲಿ ಕೆಲಸ ಮಾಡುವವರ ಬೆರಳು ದಪ್ಪ. ರಾತ್ರಿ ಹನ್ನೊಂದಕ್ಕೆ ಮಲಗು. ನಡುನಡುವೆ ಸೇವ್ ಮಾಡು. ಎರಡು ಕಡೆ ಇಡು, ಒಂದು ಪೆನ್‌ಡ್ರೈವಲ್ಲಿ, ಒಂದು ಆ ಮೇಲಿನದರಲ್ಲಿ, ಕ್ಲೌಡ್‌ನಲ್ಲಿ. ನನ್ನ ಥರದವರು ಯಾರು ಬಂದು ಯಾವಾಗ ವೈರ್ ಕೀಳುತ್ತಾರೋ.

ನೋಡು, ಮತ್ತೆ ಪಾಠ ಹೇಳಲು ಶುರು ಮಾಡಿದೆ. ಕ್ಷಮಿಸು ಅಂತ ಬರೆಯಲು ಕೂತವಳು ನಾನು. ಕ್ಷಮಿಸು ಪುಟ್ಟಿ. ಭಾನುವಾರ ನಾನೂ ಬಂದು, ರೂಮಿನಲ್ಲಿ ಒಲೆ ಹಚ್ಚಿ ಹಾಲುಕ್ಕಿಸಿ ಬರಬೇಕು ಅಂತಿದ್ದೆ. ಮಂಗಳವಾರ ಬೆಳಗಿನ ಗಾಡಿಗೆ ನೀನು ಒಬ್ಬಳೇ ಹೊರಟೆ. ಬಾಗಿಲ ಚಿಲಕ ತೆಗೆದ ಸದ್ದು ನನಗೆ ಕೇಳಿಸಿತು. ಎದ್ದು ಬರಬೇಕಿತ್ತು. ಗೋಡೆ ಕಡೆ ತಿರುಗಿ ಮಲಗಿದ್ದೆ. ವೈರ್ ಕಿತ್ತಿದ್ದಕ್ಕಿಂತ ಅದು ದೊಡ್ಡ ತಪ್ಪು ಅಂತ ಈಗ ಅನಿಸುತ್ತೆ.

ಮದುವೆ ಬ್ಲೌಸಿನ ಚಿಂತೆ ಮಾಡಬೇಡ. ಕೆಟ್ಟ ತೋಳು ಕೈಬಿಟ್ಟು, ಸೆರಗಿನ ಒಳಮಡಿಕೆಯಿಂದ ಗೇಣುದ್ದ ತೆಗೆದು ಗಿಡ್ಡ ತೋಳು ಮಾಡಿದೆ. ಮದುಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಪ್ಪಿಕೊಂಡಳು, ಒಳ್ಳೇ ಹುಡುಗಿ. ಹೊಲಿಗೆ ಕೂಲಿ ತಗೊಳ್ಳಲಿಲ್ಲ.

ಸಂಜೆ ಬೆಲ್ಲದವರು ಅಂಗಡಿಗೆ ಬಂದಿದ್ದರು. ನಿನ್ನೆ ರಾತ್ರಿ ಪೇಜ್ ಬಂದಿದೆ ಅಂತ ತೋರಿಸಿದರು. ಹೋದದ್ದನ್ನೆಲ್ಲ ಅಲ್ಲಿ ಕೂತು ಮತ್ತೆ ಬರೆದಿದ್ದೀಯ. ಕನ್ನಡಕ ಹಾಕಿಕೊಂಡು ಮೊದಲು ಬೆಲ್ಲದ ಒತ್ತು ನೋಡಿದೆ. ಪೂರ್ತಿ ಇದೆ. ಬಾಕಿ 1500 ರೂಪಾಯಿ ನನ್ನ ಕೈಗೇ ಕೊಟ್ಟರು, ನಿನ್ನ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ, ನಿಮ್ಮಪ್ಪನಿಗೂ ಹೇಳಿದ್ದೇನೆ.

ಆದರೆ ಬಕೆಟ್ ಬೆಲ್ಲದ ಕೆಳಗಿನ ಆರ್ಡರ್ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಅವರು ಒತ್ತಿದರು, ನಾನೂ ನಾಲ್ಕು ಸಲ ಒತ್ತಿದೆ. ಅಚ್ಚು ಬೆಲ್ಲದ್ದು ಸರಿ ಇದೆ. ಇದನ್ನು ಹೇಳೋಕೇ ಹನ್ನೊಂದನೇ ಸಲ ಫೋನ್ ಮಾಡಿದ್ದು. ನಾಳೆ ಬೆಳಗ್ಗೆ ಎಂಟಕ್ಕೆ ಮತ್ತೆ ಮಾಡುತ್ತೇನೆ.

ನಿನ್ನ
ಅಮ್ಮ